ಎಂಟು ಪದರಿನ ಕಾಲರ್

ಜೂಡೋ ಆಟದಲ್ಲಿ ನಾನು ಎರಡು ಸಲ ಮೊದಲ ಸ್ಥಾನ ಪಡೆದವಳು, ಎರಡೂ ಸಲ ಯಾರ ಮೈಯನ್ನೂ ಮುಟ್ಟದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಬಹಳ ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಮಾತು ಇದು. ಈಗ ತಲೆಯಲ್ಲಿ ನಾಲ್ಕು ಬಿಳಿ ಕೂದಲು ಕಾಣಿಸಿಕೊಂಡಿವೆ, ಹೇಳಿದರೆ ಯಾರೂ ಬೆಂಚಿನ ಮೇಲೆ ನಿಲ್ಲಿಸುವುದಿಲ್ಲ ಎಂಬ ಧೈರ್ಯಕ್ಕೆ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಮ್ಮದು ಸವದತ್ತಿ ತಾಲ್ಲೂಕಿನಲ್ಲಿ, ಮನೋಳಿಗೆ ನಡೆದು ಹೋಗಿ ಬರುವಷ್ಟು ಹತ್ತಿರದ ಊರು. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ನಮ್ಮ ಶಾಲೆಯ ಹುಡುಗಿಯರಿಗೆಲ್ಲ ಕಬಡ್ಡಿಯ ಹುಚ್ಚು. ನನಗೂ ಇತ್ತು. ಆದರೆ ಗೆರೆ ತುಳಿದಳೋ ಇಲ್ಲವೋ ಎಂಬ ಜಗಳದಲ್ಲಿ ನಾನು ನಮ್ಮದೇ ತಂಡದ ನಾಯಕಿಯ ಕೆನ್ನೆಗೆ ಹೊಡೆದುಬಿಟ್ಟೆ. ಅಲ್ಲಿಗೆ ನನ್ನ ಕಬಡ್ಡಿ ಮುಗಿಯಿತು. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯಲ್ಲಿ ಬೈಯುತ್ತಿದ್ದರು, ಶಾಲೆಯಲ್ಲೂ ಅದೇ ಹೆಸರಾಯಿತು.

ಆ ವರ್ಷ ನಮ್ಮ ಶಾಲೆಗೆ ಹೊಸ ಡ್ರಿಲ್ ಮಾಸ್ತರರು ಬಂದಿದ್ದರು. ತರಬೇತಿಯ ಕಾಲಕ್ಕೆ ಜೂಡೋ ಕಲಿತವರು. ಅಂಗಳದ ಬೇವಿನ ಗಿಡದ ಕೆಳಗೆ ಮುಖ ಊದಿಸಿಕೊಂಡು ಕುಳಿತಿದ್ದ ನನ್ನನ್ನು ಕರೆದರು.

"ಏ ತಂಗಿ, ನಿನಗ ಸಿಟ್ಟ ಭಾಳ ಐತಂತ. ನನ್ನ ಕಡೆ ಒಂದ ಆಟ ಐತಿ. ಅದರಾಗ ಎದರಿಗಿನವರನ್ನ ಎತ್ತಿ ಒಗೀಬಹುದು. ಆದ್ರ ಒಗಿಯೂಕಿಂತ ಮೊದಲ ಬಗ್ಗಿ ನಮಸ್ಕಾರ ಮಾಡಬೇಕು, ಒಗದ ಮ್ಯಾಲೂ ಮಾಡಬೇಕು. ಆಗತೈತೇನು?"

ಎತ್ತಿ ಒಗೆಯಬಹುದು ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. ಆಗತೈತ್ರಿ ಅಂದೆ.

ಮುರಿದ ಬೆಂಚುಗಳನ್ನು ಒಟ್ಟಿದ್ದ ಕೋಣೆಯನ್ನು ನಾವೇ ಖಾಲಿ ಮಾಡಿದೆವು. ಗೋಣಿಚೀಲಗಳಿಗೆ ಹೊಟ್ಟು ತುಂಬಿ, ಸಾಲಾಗಿ ಹಾಸಿ, ಮೇಲೆ ತಾಡಪತ್ರಿ ಬಿಗಿದೆವು. ಅದೇ ನಮ್ಮ ಚಾಪೆ. ಎತ್ತಿ ಒಗೆಯುವ ಆಸೆಯಿಂದ ಹೋದ ನನಗೆ ಮಾಸ್ತರರು ಎರಡು ತಿಂಗಳು ಬೀಳುವುದನ್ನೇ ಕಲಿಸಿದರು. ಹಿಂದಕ್ಕೆ ಬೀಳು, ಪಕ್ಕಕ್ಕೆ ಬೀಳು, ಗದ್ದವನ್ನು ಎದೆಗೆ ಹಚ್ಚಿ ಬೀಳು, ಅಂಗೈಯಿಂದ ನೆಲ ಬಡಿದು ಬೀಳು. ಮನೆಯಲ್ಲಿ ಅಪ್ಪ ನಕ್ಕಿದ್ದೇ ನಕ್ಕಿದ್ದು.

"ಬೀಳೂದ ಕಲಸ್ತಾರಂತ ಮಾಸ್ತರು! ನಮ್ಮ ಎಮ್ಮಿ ಕರ ಯಾವ ಸಾಲಿಗಿ ಹೋಗಿತ್ತೋ ಏನೋ, ದಿನಾ ನಾಕ ಸಲ ಬೀಳತೈತಿ."

ನನ್ನ ಜೊತೆ ಅಭ್ಯಾಸ ಮಾಡಲು ಕಬಡ್ಡಿ ತಂಡದಿಂದಲೇ ಇಬ್ಬರು ಹುಡುಗಿಯರು ಬರುತ್ತಿದ್ದರು. ನಮ್ಮ ಹಿತ್ತಲಿನ ಪೇರಲ ಹಣ್ಣು ಇರುವವರೆಗೆ ಬಂದರು. ಹಣ್ಣು ಮುಗಿದ ಮೇಲೆ ಅವರ ದರ್ಶನ ಅಪರೂಪವಾಯಿತು. ಅಷ್ಟರಲ್ಲಿ ಒಂದು ಪಟ್ಟು ನನಗೆ ಚೆನ್ನಾಗಿ ಕೂಡಿತ್ತು. ಎದುರಿನವಳು ಹೆಜ್ಜೆ ಇಡುವ ಗಳಿಗೆಗೆ ಸರಿಯಾಗಿ ಅವಳ ಪಾದವನ್ನು ನನ್ನ ಅಂಗಾಲಿನಿಂದ ಗುಡಿಸಿಹಾಕುವುದು. ಕಸ ಗುಡಿಸಿದ ಹಾಗೆ, ಅಷ್ಟೇ.

ತಾಲ್ಲೂಕು ಮಟ್ಟದ ಕ್ರೀಡಾಕೂಟ ಸವದತ್ತಿಯಲ್ಲಿ ಆಯಿತು. ತೂಕ ನೋಡುವ ಯಂತ್ರ ಕೆಟ್ಟಿತ್ತೆಂದು ನಮ್ಮನ್ನು ಹತ್ತಿ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿದರು. ನನ್ನ ತೂಕದ ಗುಂಪಿನಲ್ಲಿ ತಾಲ್ಲೂಕಿಗೆಲ್ಲ ನಾನೊಬ್ಬಳೇ. ಹಾಳೂರಿಗೆ ಉಳಿದವನೇ ಗೌಡ ಅಂದ ಹಾಗೆ, ತಕ್ಕಡಿಯಿಂದ ಇಳಿದವಳು ಚಾಂಪಿಯನ್ ಆಗಿ ಇಳಿದೆ.

ಜಿಲ್ಲಾ ಮಟ್ಟದ್ದು ಬೆಳಗಾವಿಯಲ್ಲಿ. ಅಲ್ಲಿ ರಾಮದುರ್ಗದ ಕಡೆಯ ಒಬ್ಬ ಹುಡುಗಿಯ ಹೆಸರು ನನ್ನ ಎದುರಿಗೆ ಬರೆದಿದ್ದರು. ಹಿಂದಿನ ರಾತ್ರಿಯಿಡೀ ನಾನು ಅವಳನ್ನು ಕಲ್ಪಿಸಿಕೊಂಡು, ಕಲ್ಪನೆಯಲ್ಲೇ ಹತ್ತು ಸಲ ಕೆಡವಿದ್ದೆ. ಬೆಳಿಗ್ಗೆ ಶಾಲೆಯ ಜೂಡೋ ಅಂಗಿ ತೊಟ್ಟು ಚಾಪೆಯ ಅಂಚಿಗೆ ನಿಂತೆ. ಅವಳ ಹೆಸರನ್ನು ಮೂರು ಸಲ ಕೂಗಿದರು. ಜ್ವರ ಬಂದಿತ್ತೋ, ಬಸ್ಸು ತಪ್ಪಿತ್ತೋ, ಅವಳು ಬರಲಿಲ್ಲ. ತೀರ್ಪುಗಾರರು ನನ್ನನ್ನು ಒಳಗೆ ಕರೆದು, ಖಾಲಿ ಜಾಗಕ್ಕೆ ನಮಸ್ಕಾರ ಮಾಡಿಸಿ, ನನ್ನ ಕಡೆಗೆ ಕೈಯೆತ್ತಿದರು. ನಾನು ಯಾರೂ ಇಲ್ಲದ ಕಡೆಗೆ ತಿರುಗಿ ಮತ್ತೊಮ್ಮೆ ಬಗ್ಗಿದೆ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ನನಗೂ ನಗು ಬರಬೇಕಿತ್ತು. ಬಂದದ್ದು ಅಳು.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಗೆದ್ದ ಸುದ್ದಿ ನನಗಿಂತ ಮೊದಲೇ ಓಣಿ ಮುಟ್ಟಿತ್ತು.

"ಆಟ ಹೆಂಗಾತು?" ಅಂದಳು.

ಆಡಲಿಲ್ಲ ಎಂದು ಹೇಳಬಹುದಿತ್ತು. ಅವ್ವ ಬೈಯುವ ಪೈಕಿಯಲ್ಲ. ಆದರೆ ಅವಳ ಮುಖದಲ್ಲಿ ಹಿಗ್ಗು ಎದ್ದು ಕಾಣುತ್ತಿತ್ತು, ನನ್ನ ನಾಲಿಗೆ ತಾನೇ ಓಡಿತು.

"ಭಾಳ ಜೋರ ಇದ್ದಳು ಅವ್ವಾ. ನನ್ನ ಕಾಲರ್ ಹಿಡದ ಹಿಂಗ ಜಗ್ಗಿದಳು, ಚರ್ರ್ ಅಂತ ಹರದ ಬಂತು. ಆದ್ರೂ ನಾ ಬಿಡಲಿಲ್ಲ. ಕಾಲ ಗುಡಿಸಿ ಒಗದ ಬಿಟ್ಟೆ."

ರೊಟ್ಟಿ ಬಡಿಯುತ್ತಿದ್ದ ಕೈ ಒಂದು ಗಳಿಗೆ ನಿಂತಿತು. "ಕಾಲರ್ ಹರೀತಾ?" ಅಂದಳು.

"ಹೂಂ. ಮಾಸ್ತರು ಅಲ್ಲೇ ಹೊಲಿಸಿದ್ರು."

"ಅಡ್ಡಿಯಿಲ್ಲ ಬಿಡು," ಅಂದು ಅವ್ವ ಮತ್ತೆ ರೊಟ್ಟಿ ಬಡಿದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟುಕೊಟ್ಟಳು.

ಆ ದಿನದಿಂದ ನನಗೆ ಒಂದೇ ಹಟ. ಒಂದು ಸಲ, ಒಂದೇ ಒಂದು ಸಲ, ನಿಜವಾಗಿ ಆಡಬೇಕು. ಗೆಲ್ಲುವುದು ಹಾಗಿರಲಿ. ಮೈ ಮೇಲೆ ಇನ್ನೊಬ್ಬಳ ಕೈ ಬೀಳಬೇಕು. ಪ್ರಾರ್ಥನೆಗೆ ನಿಂತಾಗ ಮಕ್ಕಳು ನನ್ನನ್ನು ಚಾಂಪಿಯನ್ ಎಂದು ತೋರಿಸಿದರೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ನಾನು ಜೂಡೋ ಬಲ್ಲವಳೋ, ಬರೀ ತಕ್ಕಡಿಯ ಮೇಲೆ ನಿಲ್ಲಲು ಬಲ್ಲವಳೋ ಎಂಬುದು ನನಗೇ ಗೊತ್ತಿರಲಿಲ್ಲ.

ಮುಂದಿನದು ಹಲವು ಜಿಲ್ಲೆಗಳು ಸೇರುವ ವಿಭಾಗ ಮಟ್ಟದ ಕ್ರೀಡಾಕೂಟ. ಆ ಸಲ ಬೈಲಹೊಂಗಲದಲ್ಲಿ ಎಂದು ಗೊತ್ತಾಯಿತು. ಶಾಲೆಯಲ್ಲಿ ಇದ್ದದ್ದು ಒಂದೇ ಜೂಡೋ ಅಂಗಿ. ಅದೇ ದಿನ ಅದೇ ಹೊತ್ತಿಗೆ, ಮಾಸ್ತರರ ಹತ್ತಿರ ಕಲಿಯುತ್ತಿದ್ದ ಹತ್ತನೆಯ ತರಗತಿಯ ಒಬ್ಬ ಹುಡುಗನೂ ಆಡಬೇಕಿತ್ತು. ಮಾಸ್ತರರು ಮನೆಗೇ ಬಂದು, ಏನು ಮಾಡುವುದೆಂದು ತಲೆ ಕೆರೆದುಕೊಂಡರು. ಅವ್ವ ಆ ಅಂಗಿಯನ್ನು ಅವರ ಕೈಯಿಂದ ಇಸಿದುಕೊಂಡು, ತಿರುವಿ ಮುರುವಿ ನೋಡಿ, ಹೆಬ್ಬೆರಳಿನಿಂದ ತಿಕ್ಕಿದಳು.

"ಒಗದಾಗ ನೋಡೇನ್ರಿ, ಇದು ಕೌದಿ ಇದ್ದಂಗ ಐತಿ. ನಾ ಹೊಲೀತೇನಿ ಬಿಡ್ರಿ," ಅಂದಳು.

ಅವ್ವನ ಕೌದಿ ಎಂದರೆ ನಮ್ಮ ಓಣಿಗೆಲ್ಲ ಹೆಸರು. ಹಳೆಯ ಸೀರೆ, ಧೋತರ ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಸಾಲು ಹಿಡಿದು ಹೊಲಿಯುತ್ತ ಬಂದರೆ, ಒಂದು ಹೊಲಿಗೆ ಇನ್ನೊಂದಕ್ಕಿಂತ ಕಾಳಿನಷ್ಟೂ ಉದ್ದವಿರುತ್ತಿರಲಿಲ್ಲ. ಬಾಣಂತಿಯರ ಮನೆಯಿಂದ ಕರೆ ಬರುತ್ತಿತ್ತು. ನನ್ನ ಅಂಗಿಗೆ ಅಪ್ಪನ ಹಳೆಯ ಧೋತರಗಳನ್ನು ಒಗೆದು ಒಣಗಿಸಿ, ಮೈಗೆ ನಾಲ್ಕು ಪದರ ಹಾಕಿದಳು. ಚೊಣ್ಣಕ್ಕೆ ಮಾಂಜರಪಾಟಿನ ಬಟ್ಟೆ ತಂದು ದರ್ಜಿಯ ಹತ್ತಿರ ಹೊಲಿಸಿದಳು. ಕಾಲರಿನ ಸರದಿ ಬಂದಾಗ ಮಾತ್ರ ಪದರದ ಮೇಲೆ ಪದರ ಇಡುತ್ತಲೇ ಹೋದಳು. ಎಣಿಸಿದೆ, ಎಂಟು.

"ಇಷ್ಟ ಯಾಕ?" ಅಂದೆ.

"ಹ್ವಾದ ಸಲ ಹರದಿತ್ತಲ್ಲ," ಅಂದಳು ಅವ್ವ, ಬಾಯಲ್ಲಿ ದಾರ ಕಡಿಯುತ್ತ. ನಾನು ಎದ್ದು ನೀರು ತರುವ ನೆವದಿಂದ ಹೊರಗೆ ಹೋದೆ.

ನಮ್ಮ ಮನೆಯಲ್ಲಿ ಕೌದಿ ಮುಗಿಸುವಾಗ ಒಂದು ಪದ್ಧತಿ. ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ಬೆಲ್ಲ, ನಾಲ್ಕು ಅಕ್ಕಿಕಾಳು ಇಟ್ಟು ಹೊಲಿಯಬೇಕು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗೆ ಇಡುವುದಿಲ್ಲವಂತೆ. ಅಂಗಿಯ ಕೆಳಗಿನ ಮೂಲೆಗೂ ಅವ್ವ ಅದನ್ನು ಬಿಡಲಿಲ್ಲ. ಮುಗಿದ ಅಂಗಿಯನ್ನು ನೆಲದ ಮೇಲೆ ಇಟ್ಟರೆ ಅದು ಕೂತೇ ಇರುತ್ತಿತ್ತು, ಬೀಳುತ್ತಿರಲಿಲ್ಲ. ಗೆಳತಿಯರು ಬಂದು ನೋಡಿ ಬಿದ್ದು ಬಿದ್ದು ನಕ್ಕರು.

"ನೀ ಯಾಕ ಹೋಗತಿ? ಅಂಗಿನ ಬಸ್ಸಿಗಿ ಹತ್ತಸು. ಅದ ಆಡಿ ಗೆದ್ದ ಬರತೈತಿ."

ಬೈಲಹೊಂಗಲಕ್ಕೆ ಅವ್ವನೂ ಹೊರಟಳು. ಅಪ್ಪನ ಮುಂದೆ ಪ್ಯಾಟಿ ಕೆಲಸ ಐತಿ ಅಂದಳು. ಯಾವ ಕೆಲಸ ಎಂದು ಅಪ್ಪ ಕೇಳಲಿಲ್ಲ, ಬುತ್ತಿಯ ಗಂಟಿನ ಗಾತ್ರ ನೋಡಿಯೇ ತಿಳಿದುಕೊಂಡಿದ್ದ.

ಕಬಡ್ಡಿ, ಖೋಖೋ, ಓಟ ಎಲ್ಲ ಮೈದಾನದಲ್ಲಿ. ಜೂಡೋಗೆ ಮಾತ್ರ ಒಂದು ಕಲ್ಯಾಣ ಮಂಟಪ ಕೊಟ್ಟಿದ್ದರು. ಹಿಂದಿನ ದಿನ ಯಾರದೋ ಮದುವೆ ಆಗಿತ್ತು. ಒಳಗೆಲ್ಲ ಬುಂದಿ ಕರಿದ ಎಣ್ಣೆಯ ವಾಸನೆ. ವೇದಿಕೆಯ ಮೇಲೆ ಮದುಮಕ್ಕಳ ಎರಡು ಕೆಂಪು ಕುರ್ಚಿಗಳು ಹಾಗೇ ಇದ್ದವು. ಕೆಳಗೆ, ಬೀಗರು ಕೂಡುವ ಜಾಗದಲ್ಲಿ, ಹಸಿರು ಚಾಪೆ ಹಾಸಿದ್ದರು. ನಿಜವಾದ ಚಾಪೆ. ನಾನು ಬಗ್ಗಿ ಅಂಗೈ ಒತ್ತಿ ನೋಡಿದೆ. ನಮ್ಮ ಹೊಟ್ಟಿನ ಚೀಲಕ್ಕಿಂತ ಗಟ್ಟಿ ಇತ್ತು.

ನನ್ನ ಎದುರಾಳಿ ವಿಜಾಪುರದ ಕಡೆಯವಳು. ಕ್ರೀಡಾ ವಸತಿಶಾಲೆಯಲ್ಲಿದ್ದು ಕಲಿತವಳು. ಗಂಡುಹುಡುಗರ ಹಾಗೆ ಕೂದಲು ಕತ್ತರಿಸಿದ್ದಳು, ಬೆರಳುಗಳಿಗೆ ಬಿಳಿ ಪಟ್ಟಿ ಸುತ್ತಿಕೊಂಡಿದ್ದಳು. ಕುಂತಲ್ಲಿಯೇ ಕುತ್ತಿಗೆಯನ್ನು ಆ ಕಡೆ ಈ ಕಡೆ ವಾಲಿಸುತ್ತಿದ್ದಳು. ಅವಳನ್ನು ನೋಡಿ ನನಗೆ ಹೆದರಿಕೆ ಆಗಲಿಲ್ಲ ಅಂದರೆ ಮತ್ತೊಂದು ಸುಳ್ಳಾಗುತ್ತದೆ. ಆದರೆ ಹೆದರಿಕೆಗಿಂತ ಹೆಚ್ಚು ಸಂತೋಷವಾಯಿತು. ಅವಳು ಬಂದಿದ್ದಾಳೆ! ಕಣ್ಣೆದುರಿಗೆ ಇದ್ದಾಳೆ!

ಚಾಪೆ ಹತ್ತುವ ಮೊದಲು ಮೇಜಿನ ಹತ್ತಿರ ಒಬ್ಬ ಅಧಿಕಾರಿ ಅಂಗಿ, ಉಗುರು, ಕಿವಿ ಎಲ್ಲ ಪರೀಕ್ಷೆ ಮಾಡುತ್ತಿದ್ದರು. ನಾನು ಬಳೆ, ಓಲೆ ಎಲ್ಲ ತೆಗೆದು ಅವ್ವನ ಕೈಗೆ ಕೊಟ್ಟಿದ್ದೆ. ಅವರು ನನ್ನ ತೋಳಿನ ಅಗಲ ನೋಡಿದರು, ಉದ್ದ ನೋಡಿದರು. ಅಂಗಿಯ ತುದಿಯ ಮೂಲೆ ಹಿಚುಕಿದವರು ಅಲ್ಲೇ ನಿಂತರು.

"ಇದರಾಗ ಏನೈತಿ? ಬಿರುಸ ಹತ್ತತೈತಿ. ಬಿರುಸ ಸಾಮಾನ ಇರಬಾರದವಾ."

ನನ್ನ ಹೆಸರನ್ನು ಆಗಲೇ ಒಂದು ಸಲ ಕೂಗಿದ್ದರು. ನಾನು ಹಿಂದೆ ಮುಂದೆ ನೋಡಲಿಲ್ಲ. ಮೂಲೆಯನ್ನು ಹಲ್ಲಿನಿಂದ ಕಡಿದು ಹರಿದೆ. ಬೆಲ್ಲದ ಚೂರು, ಅಕ್ಕಿಕಾಳು ಮೇಜಿನ ಮೇಲೆ ಬಿದ್ದವು. ಅಧಿಕಾರಿ ಕನ್ನಡಕ ಏರಿಸಿ ನೋಡಿ ನಕ್ಕುಬಿಟ್ಟರು. "ನಮ್ಮ ಮನ್ಯಾಗೂ ಹಿಂಗ ಇಡತಾರ," ಅಂದರು. ಆಮೇಲೆ ಕಾಲರು ಹಿಡಿದರು. ಅವರ ನಗು ಇಳಿಯಿತು. ಒಂದು ಕೈಯಲ್ಲಿ ಮಡಿಸಲು ನೋಡಿದರು, ಎರಡು ಕೈಯಲ್ಲಿ ನೋಡಿದರು. ಅದು ಮಡಿಯಲಿಲ್ಲ.

"ಇದ ನಡಿಯೂದಿಲ್ಲ ತಂಗಿ. ಎದರಿನಾಕಿ ಕೈಯಾಗ ಕಾಲರ್ ಸಿಗಬೇಕಲ್ಲ. ಬ್ಯಾರೆ ಅಂಗಿ ಇದ್ರ ಹಾಕ್ಕೊಂಡ ಬಾ."

ಬೇರೆ ಅಂಗಿ ಎಲ್ಲಿಂದ ಬರಬೇಕು? ಶಾಲೆಯದನ್ನು ತೊಟ್ಟ ಹುಡುಗ ಇನ್ನೊಂದು ಚಾಪೆಯ ಮೇಲೆ ಆಡುತ್ತಿದ್ದ. ಮಾಸ್ತರರು ಅಧಿಕಾರಿಯ ಮುಂದೆ ಕೈ ಜೋಡಿಸಿದರು. ನಿಯಮ ನಿಯಮವೇ ಅಂದರು ಅವರು, ಸಿಟ್ಟಿನಿಂದಲ್ಲ, ನೊಂದುಕೊಂಡೇ. ಎರಡನೆಯ ಸಲ ಹೆಸರು ಕೂಗಿದರು. ಅಷ್ಟರಲ್ಲಿ ಕುರ್ಚಿಗಳ ಸಾಲಿನಿಂದ ಅವ್ವ ಎದ್ದು ಬಂದಳು.

"ಏನ ತಪ್ಪಾತ್ರಿ?"

"ತಪ್ಪೇನಿಲ್ರಿ ಅವ್ವಾರ. ಭಾಳ ಗಟ್ಟಿ ಹೊಲದೀರಿ. ನಿಮ್ಮ ಮಗಳನ್ನ ಯಾರೂ ಹಿಡಿಯಾಕ ಆಗೂದಿಲ್ಲ."

ಅವ್ವ ನನ್ನ ಮುಖ ನೋಡಿದಳು. ಆ ನೋಟ ತಡೆಯಲು ನನ್ನಿಂದಾಗಲಿಲ್ಲ. ಬೆಳಗಾವಿಯಲ್ಲಿ ಹರಿಯದ ಕಾಲರನ್ನು ಹರಿಯಿತು ಎಂದವಳು ನಾನು. ಆ ಸುಳ್ಳಿಗೆ ಅವಳು ರಾತ್ರಿ ಹಗಲು ಎಂಟು ಪದರ ಹೊಲಿದಿದ್ದಳು. ಈಗ ಮತ್ತೊಮ್ಮೆ ಆಡದೆಯೇ ಎಲ್ಲ ಮುಗಿಯುತ್ತಿತ್ತು. ಈ ಸಲ ತೀರ್ಪುಗಾರರ ಕೈ ಏಳುವುದು ಆ ಕಡೆಗೆ, ಅಷ್ಟೇ ವ್ಯತ್ಯಾಸ. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡೆ. ಅವ್ವ ಮೇಜಿನ ಮೇಲಿದ್ದ ಬೆಲ್ಲದ ಚೂರನ್ನು ಎತ್ತಿ ನನ್ನ ಬಾಯಿಗೆ ಹಾಕಿದಳು.

ಆಗ ವಿಜಾಪುರದ ಆ ಹುಡುಗಿ ಎದ್ದಳು. ಅವಳ ಪಕ್ಕದಲ್ಲಿದ್ದ ಅವಳ ಗುರುಗಳು ತೋಳು ಹಿಡಿದು, "ಕುಂಡ್ರು, ವಾಕ್‌ಓವರ್ ಬರತೈತಿ, ದಣಿಯೂದು ತಪ್ಪತೈತಿ," ಅಂದದ್ದು ನನಗೂ ಕೇಳಿಸಿತು.

"ಮುಂಜಾನಿಂದ ಎರಡ ಸಲ ಹಂಗ ಗೆದ್ದೇನ್ರಿ ಸರ್," ಅಂದಳು ಅವಳು. "ಇದೂ ಹಂಗ ಆದ್ರ ನಾ ಇಷ್ಟ ದೂರ ಯಾಕ ಬಂದೇನ್ರಿ?"

ತನ್ನ ಚೀಲದಿಂದ ಇನ್ನೊಂದು ಅಂಗಿ ತೆಗೆದು ತಂದಳು. ಒಗೆದು ಒಗೆದು ಮೆತ್ತಗಾದ ಹಳೆಯ ಅಂಗಿ. ನನ್ನ ಎದೆಗೆ ಒತ್ತಿದಳು.

"ಹಾಕ್ಕೋ ಲಗೂನ. ನಾನೂ ಆಡಾಕ ಬಂದೇನಿ."

ಅವಳ ಗುರುಗಳು ತಲೆಯ ಮೇಲೆ ಕೈ ಹೊತ್ತವರು, ಮರುಗಳಿಗೆಗೆ ನಕ್ಕು, ಹೋಗು ಎಂದು ಕೈ ಬೀಸಿದರು. ನಾನು ಕಂಬದ ಮರೆಗೆ ಹೋಗಿ ಅಂಗಿ ಬದಲಿಸಿದೆ. ಸೊಂಟದ ಪಟ್ಟಿ ಕಟ್ಟಿದವಳು ಅವ್ವ, ಉಡಿ ಕಟ್ಟುವ ಗಂಟು ಹಾಕಿ. ಮೂರನೆಯ ಸಲ ಹೆಸರು ಕೂಗುವಾಗ ನಾನು ಚಾಪೆಯ ಮೇಲಿದ್ದೆ.

ನಾನು ಬಗ್ಗಿದೆ. ಎದುರಿಗೆ ಇನ್ನೊಬ್ಬಳು ಬಗ್ಗಿದಳು. ಇಷ್ಟು ದಿನ ಆ ಜಾಗ ಖಾಲಿಯಾಗಿತ್ತು. "ಹಾಜಿಮೆ" ಎಂದರು ತೀರ್ಪುಗಾರರು, ಶುರು ಮಾಡಿರಿ ಎಂದು.

ಅವಳ ಕೈ ನನ್ನ ಕಾಲರಿಗೆ ಬಿದ್ದ ರಭಸಕ್ಕೆ ನನ್ನ ಹಲ್ಲು ಕಟಕಟ ಅಂದವು. ಇದಾ ಜೂಡೋ ಅಂದರೆ! ಪೇರಲ ಹಣ್ಣಿನ ಆಸೆಗೆ ಬರುತ್ತಿದ್ದ ಗೆಳತಿಯರ ಹಿಡಿತಕ್ಕೂ ಇದಕ್ಕೂ ಎತ್ತಣಿಂದೆತ್ತ ಸಂಬಂಧ. ಅವಳು ಒಂದು ಸಲ ನನ್ನನ್ನು ಪಕ್ಕಕ್ಕೆ ಬೀಳಿಸಿದಳು. ಪೂರ್ತಿ ಬೀಳಲಿಲ್ಲ, ಹೊಟ್ಟೆಯ ಮೇಲೆ ಹೊರಳಿ ಉಳಿದುಕೊಂಡೆ. ಅವಳು ಒಂದು ಸಣ್ಣ ಅಂಕ ಪಡೆದಳು. ಎದ್ದೆ. ಮತ್ತೆ ಹಿಡಿದೆವು. ನಾನು ಬಿಡಿಸಿಕೊಳ್ಳಲು ಜೋರಾಗಿ ತಿರುಗಿದೆ, ಅವಳು ತೋಳು ಬಿಡಲಿಲ್ಲ, ಕಂಕುಳದ ಹತ್ತಿರ ಚರ್ರ್ ಎಂದು ಅಂಗಿ ಹರಿಯಿತು.

ಆ ಸದ್ದು ಕೇಳಿ ನನಗೆ ಆದ ಆನಂದವನ್ನು ಯಾರಿಗೆ ಹೇಗೆ ತಿಳಿಸಲಿ? ಬೇರೆಯವರ ಅಂಗಿ, ಎರವಲು ತಂದದ್ದು, ಹರಿದಿದೆ. ಆದರೂ ಒಳಗೊಳಗೆ ಹಬ್ಬವಾಯಿತು.

ತೀರ್ಪುಗಾರರು ನಿಲ್ಲಿಸಿ, ಹರಕು ನೋಡಿ, ನಡೆಯುತ್ತದೆ ಎಂದು ಮತ್ತೆ ಬಿಟ್ಟರು. ಈ ಸಲ ಅವಳು ಹೆಜ್ಜೆ ಎತ್ತುವುದನ್ನೇ ಕಾಯ್ದೆ. ಎತ್ತಿದಳು. ಗುಡಿಸಿದೆ. ವಸತಿಶಾಲೆಯ ಆ ಹುಡುಗಿ ಮೊಣಕಾಲಿನ ಮೇಲೆ ಕುಸಿದಳು! ಅಂಕ ಬರುವಷ್ಟು ಬೀಳಲಿಲ್ಲ, ಕುಸಿದಳು ಅಷ್ಟೇ. ಮಂಟಪದಲ್ಲಿ ಹೋ ಎಂದರು. ಎಲ್ಲರ ದನಿಯ ಮೇಲೆ ಅವ್ವನ ದನಿ ಕೇಳಿಸಿತು, "ಹಿಡೀ, ಹಿಡೀ, ಬಿಡಬ್ಯಾಡ!" ಎಮ್ಮೆ ಹಗ್ಗ ಕಿತ್ತುಕೊಂಡು ಓಡಿದಾಗ ಕೂಗುವ ದನಿಯೇ.

ಹಾಳಾದ ಸಿಟ್ಟು ಅಲ್ಲಿಯೂ ಬಂತು. ಕುಸಿದವಳು ಏಳುವ ಮೊದಲೇ ಕೆಡವುತ್ತೇನೆಂದು ಮೈಯೆಲ್ಲ ಹಾಕಿ ಮುನ್ನುಗ್ಗಿದೆ. ಅವಳಿಗೆ ಬೇಕಾಗಿದ್ದೂ ಅದೇ. ತಿರುಗಿದಳು, ಸೊಂಟ ಕೆಳಗೆ ತಂದಳು. ನನ್ನ ಕಾಲು ನೆಲ ಬಿಟ್ಟವು. ಮಂಟಪದ ಮಾಳಿಗೆ, ಬಣ್ಣದ ಕಾಗದದ ಮಾಲೆಗಳು, ಒಂದು ಪಂಖ, ಎಲ್ಲ ಒಂದು ಸುತ್ತು ತಿರುಗಿದವು. ಬೆನ್ನು ಚಾಪೆಗೆ ಬಡಿಯಿತು. "ಇಪ್ಪೋನ್!" ಪೂರ್ತಿ ಅಂಕ, ಆಟ ಮುಗಿಯಿತು.

ಬೆನ್ನು ಉರಿಯುತ್ತಿತ್ತು, ಆದರೆ ತಲೆಗೆ ಏನೂ ಆಗಿರಲಿಲ್ಲ. ನೋಡಿದರೆ ನನ್ನ ತೋಳು ಇನ್ನೂ ಅವಳ ಮುಷ್ಟಿಯಲ್ಲಿತ್ತು. ಒಗೆಯುವಾಗ ಒಗೆದು, ತಲೆ ನೆಲಕ್ಕೆ ಬಡಿಯದಂತೆ ಮೇಲಕ್ಕೆ ಜಗ್ಗಿ ಹಿಡಿದಿದ್ದಳು. ಅದೇ ತೋಳು ಹಿಡಿದು ನನ್ನನ್ನು ಎಬ್ಬಿಸಿದಳು. ನಾನು ನಗುತ್ತಿದ್ದೆ, ಕಣ್ಣಲ್ಲಿ ನೀರೂ ಬರುತ್ತಿತ್ತು.

"ಪೆಟ್ಟಾತೇನ?" ಅಂದಳು ಗಾಬರಿಯಿಂದ.

"ಇಲ್ಲ, ಭಾಳ ಚಲೋ ಒಗದಿ," ಅಂದೆ. ಅವಳಿಗೆ ನಾನು ಅರೆಹುಚ್ಚಿಯಂತೆ ಕಂಡಿರಬೇಕು. ಇಬ್ಬರೂ ಬಗ್ಗಿದೆವು. ಮಾಸ್ತರರ ಮಾತಿನಂತೆ ಒಗೆದ ಮೇಲೂ ನಮಸ್ಕಾರ, ಬಿದ್ದ ಮೇಲೂ ನಮಸ್ಕಾರ.

ಹರಿದ ಅಂಗಿಯನ್ನು ಹಾಗೇ ಹಿಂದಿರುಗಿಸುವ ಮಾತು ಅವ್ವನ ಹತ್ತಿರ ನಡೆಯುವಂಥದ್ದಲ್ಲ. ಗೋಡೆಗೆ ಒರಗಿ ಕೂತು, ತಾಳಿಯ ಜೊತೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದಳು. ದಾರ ಇರಲಿಲ್ಲ. ನಾನು ತೊಡಲಾಗದ ಅಂಗಿಯ ಕಾಲರಿನಿಂದ ಒಂದೊಂದೇ ಹೊಲಿಗೆ ಬಿಚ್ಚಿ, ಆ ದಾರದಿಂದಲೇ ಕಂಕುಳ ಹೊಲಿದಳು. ಆ ಹುಡುಗಿ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ನಮ್ಮ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ನೋಡುತ್ತಿದ್ದಳು.

"ಮನೀಗಿ ಹೋಗಿ ಎಷ್ಟ ದಿನಾತವಾ?" ಎಂದು ಅವ್ವ ಕೇಳಿದಳು.

"ದೀಪಾವಳಿಗಿ ಹೋಗಿದ್ದೆರಿ."

ಅವ್ವ ಇನ್ನೆರಡು ರೊಟ್ಟಿ ಅವಳ ಮುಂದೆ ಇಟ್ಟಳು. ಅಂಗಿ ಕೈಗೆ ಬಂದಾಗ ಆ ಹುಡುಗಿ ಹೊಲಿಗೆಯನ್ನು ಎಳೆದು ನೋಡಿ, "ಇನ್ನ ಉಳಿದದ್ದೆಲ್ಲಾ ಹರದೀತು, ಇದ ಹರಿಯೂದಿಲ್ಲ ಬಿಡ್ರಿ," ಎಂದು ನಕ್ಕು, ಅವ್ವನ ಕಾಲು ಮುಟ್ಟಿ, ಮುಂದಿನ ಆಟಕ್ಕೆ ಓಡಿದಳು. ನಮ್ಮ ಬಸ್ಸಿನ ಹೊತ್ತಾಗಿತ್ತು, ಅದನ್ನು ನೋಡಲು ಆಗಲಿಲ್ಲ.

ಅವಳ ಹೆಸರನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಧ್ವನಿವರ್ಧಕದಲ್ಲಿ ಕೂಗಿದ್ದರು, ಆದರೆ ಆಗ ನನ್ನ ಕಿವಿಯಲ್ಲಿ ನನ್ನ ಎದೆಬಡಿತವೇ ತುಂಬಿತ್ತು. ಮುಂದೆ ಬಹಳ ವರ್ಷ, ಎರಡು ಸಾವಿರದ ಇಸವಿ ದಾಟಿ, ಮದುವೆಯಾಗಿ ಕಿತ್ತೂರಿಗೆ ಬಂದ ಮೇಲೂ, ಪತ್ರಿಕೆಯ ಕ್ರೀಡಾ ಪುಟದಲ್ಲಿ ಜೂಡೋ ಸುದ್ದಿ ಕಂಡರೆ ಆ ಕತ್ತರಿಸಿದ ಕೂದಲಿನ ಮುಖ ಹುಡುಕುತ್ತಿದ್ದೆ. ಸಿಗಲಿಲ್ಲ. ಅವಳು ಎಲ್ಲಿದ್ದರೂ ಹೊಟ್ಟೆ ತಂಪಾಗಿರಲಿ. ಸುಮ್ಮನೆ ಕೂತಿದ್ದರೆ ಗೆಲ್ಲುತ್ತಿದ್ದಳು. ನನ್ನನ್ನು ಸೋಲಿಸಲೆಂದೇ ತನ್ನ ಅಂಗಿ ಕೊಟ್ಟಳು. ಅಂಥ ಉಪಕಾರ ನನಗೆ ಆಮೇಲೆ ಯಾರೂ ಮಾಡಿಲ್ಲ.

ಸಂಜೆಯ ಬಸ್ಸಿನಲ್ಲಿ ನಮಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟಿದ ಮೇಲೆ ಎರಡೂ ಕಡೆ ಹತ್ತಿ ಹೊಲ. ಅವ್ವ ಕಾಲರು ಬಿಚ್ಚಿದ ಅಂಗಿಯನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ.

"ಅವ್ವಾ, ಬೆಳಗಾವ್ಯಾಗ ನಾ ಆಡಿರಲಿಲ್ಲ. ಆ ಹುಡುಗಿ ಬಂದಿರಲೇ ಇಲ್ಲ. ಕಾಲರ್ ಹರದಿದ್ದು ಸುಳ್ಳು."

"ಗೊತ್ತಿತ್ತು," ಅಂದಳು ಅವ್ವ.

"ಯಾರ ಹೇಳಿದ್ರು?"

"ಯಾರ ಯಾಕ ಹೇಳಬೇಕು? ಆ ಅಂಗಿ ಒಗದಾಕಿ ನಾನ ಅಲ್ಲೇನು. ಕಾಲರಿಗಿ ಹೊಸಾ ಹೊಲಿಗಿ ಇರಲಿಲ್ಲ. ಬೆವರಿನ ವಾಸನಿ ಸುದ್ದಾ ಇರಲಿಲ್ಲ."

ನಾನು ಬಿಚ್ಚಿದ ಕಾಲರಿನ ಪದರಗಳನ್ನು ಬೆರಳಿನಿಂದ ಬಿಡಿಸಿ ನೋಡಿದೆ. ಆಮೇಲೆ ಕೇಳಿದೆ, "ಸುಳ್ಳಂತ ಗೊತ್ತಿದ್ದೂ ಎಂಟ ಪದರ ಯಾಕ ಹೊಲದಿ?"

ಅವ್ವ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

"ಇವತ್ತಿಲ್ಲಾ ನಾಳಿ, ಯಾರರ ಒಬ್ಬಾಕಿ ಬಂದು ಖರೇನ ಜಗ್ಗತಾಳ ಅಂತ ಹೊಲದೆ. ಬಂದಳಲ್ಲ."

ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಸವದತ್ತಿ ಬರುವವರೆಗೆ ಅತ್ತೆ.